ಚಿಕ್ಕಮ್ಮ ನೀರಿಗಿಳಿದದ್ದು

ಚಿಕ್ಕಮ್ಮ ಸಮುದ್ರ ದಾಟಿ ಆ ಶಾಲೆಯ ಬಾಗಿಲಿಗೆ ಬಂದು ನಿಂತ ದಿನ ಅಲ್ಲಿ ಅವಳಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ.

ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದವಳು. ಅಕ್ಕನ ಮಕ್ಕಳು ಚಿಕ್ಕಮ್ಮ ಎಂದು ಕರೆದದ್ದನ್ನು ಬೀದಿಯವರು ಹಿಡಿದರು, ಬೀದಿಯವರಿಂದ ಚರ್ಚಿನವರು ಹಿಡಿದರು, ಕೊನೆಗೆ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಚಿಕ್ಕಮ್ಮ ಎನ್ನತೊಡಗಿದರು. ವಯಸ್ಸು ನಲವತ್ತಾರು. ಊರಿನ ಈಜುಕೊಳದಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಂಗಸರ ಬ್ಯಾಚಿಗೆ ಈಜು ಕಲಿಸುತ್ತಿದ್ದಳು. ಅದು ಹೊಟ್ಟೆಪಾಡು. ಮನಸ್ಸೆಲ್ಲ ಇದ್ದದ್ದು ಭಾನುವಾರ ಬೆಳಿಗ್ಗೆ ಚರ್ಚಿನ ಹಿಂಭಾಗದ ಕೋಣೆಯಲ್ಲಿ, ಚಾಪೆಯ ಮೇಲೆ ಕೂತ ಮಕ್ಕಳಿಗೆ ಯೇಸುವಿನ ಕಥೆ ಹೇಳುವುದರಲ್ಲಿ.

ಅಂಥ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಮಿಶನ್ ಕಚೇರಿಯಿಂದ ಬಂದ ಕಾಗದವೊಂದನ್ನು ಓದಿದರು. ಹೊರದೇಶದಲ್ಲಿ, ದೊಡ್ಡ ಸರೋವರವೊಂದರ ದಡದ ಮಿಶನ್ ಶಾಲೆಗೆ ವೇದಪಾಠ, ಅಂದರೆ ಬೈಬಲ್ ಪಾಠ, ಹೇಳಲು ಒಬ್ಬರು ಬೇಕು, ಒಂದು ವರ್ಷದ ಮಟ್ಟಿಗೆ. ಅಯ್ಯನವರು ಕಾಗದ ಮಡಿಸುವ ಮೊದಲೇ ಚಿಕ್ಕಮ್ಮನ ಕೈ ಮೇಲೆದ್ದಿತ್ತು. ಪಕ್ಕದಲ್ಲಿದ್ದ ಅಕ್ಕ ಮೊಣಕೈ ಹಿಡಿದು ಜಗ್ಗಿದಳು.

"ಏ, ಕೈ ಇಳಿಸೇ! ತಲೆ ನೆಟ್ಟಗಿದೆಯಾ ನಿಂಗೆ?"

"ಇಳಿಸೋಕೆ ನೋಡ್ತಿದೀನಿ ಕಣಕ್ಕ, ಇಳೀತಾನೇ ಇಲ್ಲ," ಎಂದಳು ಚಿಕ್ಕಮ್ಮ.

ಕಾಗದಪತ್ರ ಅಲೆದಾಡಿ ವೀಸಾ ಕೈಸೇರುವಷ್ಟರಲ್ಲಿ ಎಂಟು ತಿಂಗಳು ಕಳೆದವು. ಆ ಎಂಟು ತಿಂಗಳೂ ಫೋನಿನಲ್ಲಿ ಪಾಠ ಕೇಳಿ ಕೇಳಿ ಅವಳು ಅಲ್ಲಿನ ಭಾಷೆಯನ್ನು ಒಂದಿಷ್ಟು ನಾಲಿಗೆಗೆ ಹತ್ತಿಸಿಕೊಂಡಳು. ರಟ್ಟಿನ ಮೇಲೆ ನಲವತ್ತು ಚಿತ್ರ ಬರೆದು ಬಣ್ಣ ತುಂಬಿದಳು. ಪೆಟ್ಟಿಗೆ ತುಂಬುವ ದಿನ ಅಕ್ಕನ ಕಿರಿಮಗಳು ಚಿತ್ರಗಳ ಅಡಿಗೆ ಅವಳ ಈಜುಡುಗೆಯನ್ನೂ ತುರುಕಿದಳು.

"ನಾನು ಹೋಗ್ತಿರೋದು ದೇವರ ಕೆಲಸಕ್ಕೆ ಕಣೇ, ನೀರಾಟಕ್ಕಲ್ಲ."

"ಇರಲಿ ಬಿಡು ಚಿಕ್ಕಮ್ಮ, ಅದೇನು ಅನ್ನ ಕೇಳುತ್ತಾ?"

ಹೀಗೆ ಹೊರಟವಳನ್ನು ಶಾಲೆಯ ಹೆಡ್‌ಮಿಸ್ಸು ತಮ್ಮ ಕೋಣೆಯಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟು, ತಮ್ಮ ಕೈ ತಾವೇ ಹಿಸುಕಿಕೊಂಡರು. ಐವತ್ತೆಂಟರ ಹೆಂಗಸು, ಗೆರೆ ಎಳೆದ ಹಾಗೆ ನೆಟ್ಟಗೆ ಕೂರುವವರು. ಮೇಜಿನ ಮೇಲೆ ಹಾಜರಿ ಪುಸ್ತಕಗಳು ಒಂದರ ಮೇಲೊಂದು ಅಂಚಿಗೆ ಅಂಚು ಕೂಡಿಸಿದ್ದವು. ಕಿಟಕಿಯ ಕೆಳಗಿನರ್ಧ ಗಾಜಿಗೆ ಬಿಳಿ ಬಣ್ಣ ಬಳಿದಿದ್ದರು. ಮೇಲಿನರ್ಧದಲ್ಲಿ ಬರೀ ಆಕಾಶ ಕಾಣುತ್ತಿತ್ತು.

"ಹೇಗೆ ಹೇಳೋದೋ ಗೊತ್ತಾಗ್ತಿಲ್ಲ ನಂಗೆ," ಎಂದರು. "ನೀವು ಬರೋದು ತಡ ಆಯ್ತು. ಬರೋದೇ ಇಲ್ವೇನೋ ಅಂದ್ಕೊಂಡು ವೇದಪಾಠಕ್ಕೆ ಇಲ್ಲಿಯೋರನ್ನೇ ತಗೊಂಡ್ಬಿಟ್ವಿ. ಗಂಡ ಹೆಂಡತಿ, ಇಬ್ಬರೂ ಟೀಚರ್‌ಗಳು. ಚೆನ್ನಾಗಿ ಮಾಡ್ತಿದಾರೆ."

ಚೆನ್ನಾಗಿ ಎಂದರೆ ಸಾಲದು. ಮಾರನೆಯ ದಿನ ಚಿಕ್ಕಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದಳು. ಗಂಡ ಗಿಟಾರು ಮೀಟುತ್ತಿದ್ದ, ಹೆಂಡತಿ ಕಥೆಯನ್ನೇ ಹಾಡು ಮಾಡಿ ಕುಣಿಸುತ್ತಿದ್ದಳು, ಐವತ್ತು ಮಕ್ಕಳು ಬೆಂಚು ಮುರಿಯುವ ಹಾಗೆ ತಾಳ ಹಾಕುತ್ತಿದ್ದರು. ಹೊಟ್ಟೆಕಿಚ್ಚು ಪಡೋಣವೆಂದರೆ ಅವಳ ಕಾಲೇ ತಾಳ ಹಾಕಿಬಿಟ್ಟಿತು. ನಲವತ್ತು ಚಿತ್ರಗಳ ಪೆಟ್ಟಿಗೆ ಮಂಚದ ಕೆಳಗೆ ಸೇರಿತು.

ಆಮೇಲೆ ಶುರುವಾಯಿತು ಕೆಲಸ ಹುಡುಕುವ ಕೆಲಸ. ಗ್ರಂಥಾಲಯದ ಪುಸ್ತಕಗಳಿಗೆ ಮೊಹರು ಒತ್ತಲು ಕೊಟ್ಟರು. ಒಂದೇ ವಾರದಲ್ಲಿ ಎಲ್ಲವನ್ನೂ ಒತ್ತಿ, ಕೆಲವಕ್ಕೆ ಎರಡೆರಡು ಸಲ ಒತ್ತಿದಳು. ಅಡುಗೆಮನೆಗೆ ಹೋದರೆ ಅಡುಗೆಯವಳು ನಗುನಗುತ್ತಲೇ ಕೈಯಿಂದ ಸೌಟು ಕಿತ್ತುಕೊಂಡಳು. ಹೊಲಿಗೆ ಹೇಳಿಕೊಡಲು ಹೋದರೆ ಹೊಲಿಗೆ ಟೀಚರಿಗೆ ಇವಳ ಹೊಲಿಗೆಯನ್ನು ಬಿಚ್ಚುವುದೇ ಕೆಲಸವಾಯಿತು.

ಒಂದು ದಿನ ಗಿಟಾರು ಮೇಷ್ಟ್ರಿಗೆ ಜ್ವರ ಬಂತು, ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಕೊನೆಗೂ ಚಿಕ್ಕಮ್ಮನಿಗೆ ಒಂದು ವೇದಪಾಠ ಸಿಕ್ಕಿತು! ಚಿತ್ರ ಹೊರಗೆ ತೆಗೆದಳು, ರಾತ್ರಿಯೆಲ್ಲ ಬಾಯಿಪಾಠ ಮಾಡಿದಳು, ಕಳೆದುಹೋದ ಕುರಿಯನ್ನು ಹುಡುಕಿ ಹೊರಟ ಒಳ್ಳೆಯ ಕುರುಬನ ಕಥೆಯನ್ನು ಎದೆ ತುಂಬಿ ಹೇಳಿದಳು. ಮಕ್ಕಳು ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಬಾಯಿ ಮುಚ್ಚಿಕೊಂಡರು, ಆಮೇಲೆ ಬೆಂಚಿನ ಕೆಳಗೇ ಹೋದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಹನ್ನೆರಡು ವರ್ಷ, ಎರಡು ಜಡೆ, ಬಾಯಿ ತೆರೆದರೆ "ಯಾಕೆ" ಎಂದೇ ಶುರು. ಅದಕ್ಕೇ ಶಾಲೆಗೆ ಶಾಲೆಯೇ ಅವಳನ್ನು ಯಾಕಮ್ಮ ಎನ್ನುತ್ತಿತ್ತು.

"ಟೀಚರ್, ಯಾಕೆ ಆ ಕ್ಷೌರಿಕ ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದರ ಹಿಂದೇನೇ ಹೋದ? ಅದೊಂದಕ್ಕೇ ಕೂದಲು ಜಾಸ್ತಿ ಇತ್ತಾ?"

ಆ ಭಾಷೆಯಲ್ಲಿ ಕುರುಬನಿಗೂ ಕ್ಷೌರಿಕನಿಗೂ ಒಂದೇ ಅಕ್ಷರದ ವ್ಯತ್ಯಾಸ. ಇಡೀ ಗಂಟೆ ಅವಳು ಒಳ್ಳೆಯ ಕ್ಷೌರಿಕನ ಕಥೆ ಹೇಳಿದ್ದಳು.

ಅವಳೂ ನಕ್ಕಳು, ನಗದೆ ಗತಿಯಿರಲಿಲ್ಲ. ಆದರೆ ಕೋಣೆಗೆ ಬಂದು ಚಿತ್ರಗಳನ್ನು ಮತ್ತೆ ಮಂಚದ ಕೆಳಗೆ ತಳ್ಳಿದಳು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಾಗಿತ್ತು ಅವಳ ಬಾಳು. 'ಕರೆದದ್ದು ನೀನೇ ತಾನೆ? ಯಾತಕ್ಕೆ ಕರೆದೆ ಅಂತಾನಾದ್ರೂ ಹೇಳಬಾರದಾ?' ಎಂದು ದೇವರನ್ನು ಕೇಳಿದಳು. ದೇವರು ಯಾಕಮ್ಮನಷ್ಟು ಮಾತಿನವನಲ್ಲ.

ಮಾರನೆಯ ದಿನ ಹೆಡ್‌ಮಿಸ್ಸು ಇನ್ನೊಂದು ಕೆಲಸ ಕೊಟ್ಟರು. ಶಾಲೆಯ ಅರವತ್ತೆರಡು ಮಕ್ಕಳು ಆಚೆ ದಡದವರು. ಬೆಳಿಗ್ಗೆ ಲಾಂಚಿನಲ್ಲಿ ಬಂದು ಸಂಜೆ ಲಾಂಚಿನಲ್ಲೇ ಹೋಗುವವರು. ಹತ್ತುವಾಗ ಅವರನ್ನು ಎಣಿಸಲು ಒಬ್ಬರು ಬೇಕಾಗಿತ್ತು.

ಚಿಕ್ಕಮ್ಮ ಪಟ್ಟಿ ಹಿಡಿದು ಕಟ್ಟೆಗೆ ಹೋದಳು. ಶಾಲೆಯ ಹಿಂದಿನ ಗೋಡೆಯಲ್ಲಿ ಕಬ್ಬಿಣದ ಬಾಗಿಲು, ಅದಕ್ಕೆ ಬೀಗ. ಬೀಗ ತೆಗೆದರೆ ಹದಿನಾಲ್ಕು ಮೆಟ್ಟಿಲು, ಕೆಳಗೆ ಆಳದ ನೀರಿನವರೆಗೂ ಚಾಚಿದ ಮರದ ಕಟ್ಟೆ, ಕಟ್ಟೆಯಿಂದ ಲಾಂಚಿಗೆ ಒಂದು ಹಲಗೆ. ಇಪ್ಪತ್ತೆರಡು ವರ್ಷ ನೀಲಿ ಟೈಲ್ಸಿನ ಕೊಳ ನೋಡಿದ್ದ ಅವಳ ಕಣ್ಣಿಗೆ ಅಷ್ಟು ನೀರು ಒಟ್ಟಿಗೆ ಕಂಡು ಮೈ ಜುಮ್ಮೆಂದಿತು. ಮಕ್ಕಳು ಹಲಗೆಯ ಮೇಲೆ ಒಬ್ಬರನ್ನೊಬ್ಬರು ತಳ್ಳುತ್ತ ಓಡುತ್ತಿದ್ದರು. ತೇಲುವ ಜಾಕೆಟ್ಟುಗಳು ಲಾಂಚಿನ ಮೂಲೆಯಲ್ಲಿ ಹನ್ನೊಂದೇ ಹನ್ನೊಂದು ಬಿದ್ದಿದ್ದವು. ಅವುಗಳ ದಾರ ಇಲಿ ತಿಂದಿತ್ತು.

"ಯಾಕಮ್ಮಾ, ಈಜು ಬರುತ್ತಾ ನಿಂಗೆ?"

"ಇಲ್ಲ. ಯಾಕೆ?"

"ನಿಮ್ಮಲ್ಲಿ ಯಾರಿಗೆ ಬರುತ್ತೆ? ಕೈ ಎತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ. ಲಾಂಚು ನಡೆಸುವವನು ಚುಕ್ಕಾಣಿಗೆ ಒರಗಿ ನಗುತ್ತಿದ್ದ. ದಪ್ಪ ಮೀಸೆಯ ಅವನನ್ನು ಮಕ್ಕಳು ಕ್ಯಾಪ್ಟನ್ ಎನ್ನುತ್ತಿದ್ದರು. ಅವನ ಕೈಯೂ ಎದ್ದಿರಲಿಲ್ಲ.

"ನಿಮಗೂ ಬರಲ್ವಾ?" ಎಂದು ಚಿಕ್ಕಮ್ಮ ಕೂಗಿದಳು.

"ನಂಗ್ಯಾಕಮ್ಮಾ ಈಜು? ನೀರಿಗೆ ಬೀಳೋ ಹಾಗಿದ್ರೆ ಲಾಂಚು ಯಾಕೆ ಬೇಕಿತ್ತು?"

ಅವತ್ತು ಎಣಿಕೆ ಮೂರು ಸಲ ತಪ್ಪಿತು. ಲಾಂಚು ಹೊರಟಿದ್ದೇ ತಡ, ಚಿಕ್ಕಮ್ಮ ಹದಿನಾಲ್ಕು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹೆಡ್‌ಮಿಸ್ಸಿನ ಕೋಣೆಗೆ ನುಗ್ಗಿದಳು. ಏದುಸಿರಿನಲ್ಲಿ ಅಲ್ಲಿನ ಭಾಷೆ, ತನ್ನ ಭಾಷೆ ಎಲ್ಲ ಕಲಸಿಹೋಯಿತು.

"ಮೇಡಂ! ಈಜು! ನಾನು ಕಲಿಸ್ತೀನಿ! ಅದೇ ನನ್ನ ಕಸುಬು ಮೇಡಂ, ಇಪ್ಪತ್ತೆರಡು ವರ್ಷ! ಅರವತ್ತೆರಡು ಮಕ್ಕಳಿಗೂ ಕಲಿಸ್ತೀನಿ!"

ಹೆಡ್‌ಮಿಸ್ಸಿನ ಮುಖ ಬಾಗಿಲು ಹಾಕಿಕೊಂಡ ಹಾಗಾಯಿತು.

"ಬೇಡ," ಎಂದರು. "ಈ ಶಾಲೆಯಲ್ಲಿ ಯಾರೂ ನೀರಿಗೆ ಇಳಿಯಲ್ಲ. ಇದು ನನ್ನ ನಿಯಮ. ನೀವಿನ್ನು ಹೊರಡಿ."

ಮೊಗಸಾಲೆಯಲ್ಲಿ ಗಣಿತದ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ಹೆಡ್‌ಮಿಸ್ಸಿನ ಅಕ್ಕ, ಹದಿಮೂರರ ಹುಡುಗಿ, ಅದೇ ಕಟ್ಟೆಯಲ್ಲಿ ಕಾಲು ಜಾರಿ ನೀರಿಗೆ ಬಿದ್ದು ತೀರಿಹೋಗಿದ್ದಳು. ತಂಗಿಯಾದ ಇವರು ಕಣ್ಣೆದುರಿಗೇ ನೋಡಿದ್ದರು. ನಲವತ್ತೇಳು ವರ್ಷ ಕಳೆದರೂ ಅವರು ಆ ಹದಿನಾಲ್ಕು ಮೆಟ್ಟಿಲು ಇಳಿದವರಲ್ಲ.

ಚಿಕ್ಕಮ್ಮನಿಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಎರಡು ದಿನ ಬಿಟ್ಟು, ಕ್ಷಮೆ ಕೇಳಬೇಕೆಂದೇ ಹೋದಳು. ಹೆಡ್‌ಮಿಸ್ಸು ಹಾಜರಿ ಪುಸ್ತಕದಿಂದ ತಲೆ ಎತ್ತದೆ ತಾವಾಗಿಯೇ ಮಾತು ತೆಗೆದರು.

"ಮೂರು ಮಾರು ದೂರ, ಅಷ್ಟೇ. ಕಟ್ಟೆ ಮೇಲೆ ಮೂವತ್ತು ಜನ ನಿಂತಿದ್ವಿ. ಒಬ್ಬರಿಗೂ ಈಜು ಬರ್ತಿರ್ಲಿಲ್ಲ. ಎಲ್ಲರೂ ಕೂಗಿದ್ವಿ. ಬರೀ ಕೂಗಿದ್ವಿ."

ಚಿಕ್ಕಮ್ಮ ಸಮಾಧಾನದ ಮಾತು ಹುಡುಕಿದಳು. ಬಾಯಿಗೆ ಬಂದದ್ದು ಬೇರೆ.

"ಮೇಡಂ, ಈಗಲೂ ಒಬ್ಬರಿಗೂ ಬರಲ್ಲ."

ಹೆಡ್‌ಮಿಸ್ಸು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಮನುಷ್ಯರು ಮುಳುಗದೆ ಇರೋದನ್ನ ನಾನು ನೋಡೇ ಇಲ್ಲ," ಎಂದರು ಕೊನೆಗೆ. "ನಂಗೆ ತೋರಿಸ್ತೀರಾ?"

ಶನಿವಾರ ರಜೆ. ಬೆಳಿಗ್ಗೆ ಆರೂವರೆಗೆ ಹೆಡ್‌ಮಿಸ್ಸು ಮೇಲಿನ ಮೆಟ್ಟಿಲ ಮೇಲೆ, ಕಬ್ಬಿಣದ ಬಾಗಿಲು ಹಿಡಿದು ನಿಂತರು. ಚಿಕ್ಕಮ್ಮ ಅಕ್ಕನ ಮಗಳನ್ನು ಮನಸ್ಸಿನಲ್ಲೇ ಹರಸುತ್ತ, ತಾನೇ ಹೊಲಿದುಕೊಂಡಿದ್ದ ಉದ್ದ ತೋಳಿನ ಈಜುಡುಗೆ ತೊಟ್ಟು ನೀರಿಗಿಳಿದಳು. ಎಂಥ ನೀರು! ತಣ್ಣಗೆ, ತಿಳಿಯಾಗಿ, ಕ್ಲೋರಿನ್ ವಾಸನೆಯ ಸುಳಿವೇ ಇಲ್ಲದೆ. ದಡದಿಂದ ಮೊದಲ ಮೂವತ್ತು ಹೆಜ್ಜೆ ಸೊಂಟದವರೆಗೆ ಮಾತ್ರ, ಕಾಲಡಿ ಗಟ್ಟಿ ಮರಳು. ಕಲಿಸುವವರು ಕನಸಿನಲ್ಲಿ ಕಾಣುವಂಥ ಜಾಗ. ಅವಳು ಅಂಗಾತ ಮಲಗಿ, ಎದೆಯ ಮೇಲೆ ಕೈ ಕಟ್ಟಿ, ಕಣ್ಣು ಮುಚ್ಚಿದಳು. ಐದು ನಿಮಿಷವಾಯಿತು, ಹತ್ತಾಯಿತು. ಸುಮ್ಮನಿರಲಾರದೆ ಚರ್ಚಿನ ಒಂದು ಹಾಡನ್ನೂ ಗುನುಗಿದಳು. ಕಣ್ಣು ತೆರೆದಾಗ ಹೆಡ್‌ಮಿಸ್ಸು ಆರು ಮೆಟ್ಟಿಲು ಇಳಿದಿದ್ದರು.

"ಮುಳುಗಲ್ವಾ?" ಎಂದು ಕೂಗಿದರು.

"ಉಸಿರು ಒಳಗಿರೋತನಕ ನೀರೇ ಹೊರುತ್ತೆ ಮೇಡಂ! ನಾವು ಒದ್ದಾಡದೆ ಇದ್ರೆ ಸಾಕು!"

ಹೆಡ್‌ಮಿಸ್ಸು ಬಗ್ಗಿ ನೀರನ್ನು ದಿಟ್ಟಿಸಿದರು. ಆಮೇಲೆ ಹೇಳಿದ್ದು ಕೇಳಿ ಚಿಕ್ಕಮ್ಮ ತೇಲುತ್ತಿದ್ದವಳು ನಿಜವಾಗಿಯೂ ಒಂದು ಗುಟುಕು ನೀರು ಕುಡಿದಳು.

"ಮೊದಲು ನಂಗೆ ಕಲಿಸಿ. ಮೂರು ವಾರ ಟೈಮು. ನಾನು ತೇಲಿದ್ರೆ ಮಕ್ಕಳಿಗೂ ಕಲಿಸಿ. ನಾನು ತೇಲದಿದ್ರೆ ಈ ಮಾತು ಇನ್ನೆತ್ತಬೇಡಿ."

ನೀರೆಂದರೆ ಬೆವರುವ ಐವತ್ತೆಂಟರ ಹೆಂಗಸು. ಟೈಮು ಮೂರೇ ವಾರ! ಚಿಕ್ಕಮ್ಮ ಈಜುಕೊಳದಲ್ಲಿ ಎಂಥೆಂಥವರನ್ನೋ ಕಂಡಿದ್ದಳು, ಇಂಥ ಪಂದ್ಯ ಮಾತ್ರ ಕಂಡಿರಲಿಲ್ಲ. ಆ ದಿನ ಅವಳಿಗೆ ಊಟವೂ ರುಚಿಸಲಿಲ್ಲ, ಕೂತಲ್ಲಿ ಕೂರಲೂ ಆಗಲಿಲ್ಲ.

ಮೊದಲ ವಾರ ಸರೋವರದ ಸುದ್ದಿಯೇ ಇಲ್ಲ. ಸ್ಟಾಫಿನ ಬಚ್ಚಲುಮನೆಯಲ್ಲಿ ಒಂದು ಬಕೆಟ್ಟು ನೀರು. ಮುಖ ಅದ್ದಬೇಕು, ನೀರೊಳಗೆ ಉಸಿರು ಬಿಟ್ಟು ಗುಳುಗುಳು ಎನ್ನಿಸಬೇಕು. ಮೂರನೆಯ ದಿನ ಹೆಡ್‌ಮಿಸ್ಸಿನ ಗುಳುಗುಳು ಎಷ್ಟು ಜೋರಾಯಿತೆಂದರೆ ಗಣಿತದ ಮೇಷ್ಟ್ರು ಬಾಗಿಲು ಬಡಿದರು.

"ಮೇಡಂ, ಒಳಗೆ ಯಾರಿಗಾದರೂ ಹುಷಾರಿಲ್ವಾ? ಡಾಕ್ಟರನ್ನ ಕರೀಲಾ?"

ಹೆಡ್‌ಮಿಸ್ಸು ಮುಖದಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ, "ನಿಮ್ಮ ಕ್ಲಾಸಿಗೆ ನೀವು ಹೋಗಿ ಮೇಷ್ಟ್ರೇ!" ಎಂದು ಗದರಿ, ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರು ನಕ್ಕದ್ದನ್ನು ಚಿಕ್ಕಮ್ಮ ಕಂಡದ್ದು ಅದೇ ಮೊದಲು.

ಎರಡನೆಯ ವಾರ ಮೆಟ್ಟಿಲು. ದಿನಕ್ಕೆರಡು ಮೆಟ್ಟಿಲು ಕೆಳಗೆ. ಕೊನೆಯ ಮೆಟ್ಟಿಲಲ್ಲಿ ಪಾದಕ್ಕೆ ನೀರು ತಾಗಿದ ದಿನ ಹೆಡ್‌ಮಿಸ್ಸು ಚಿಕ್ಕಮ್ಮನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಉಗುರಿನ ಗುರುತು ಸಂಜೆಯವರೆಗೂ ಉಳಿಯಿತು. ಮರುದಿನ ಮೊಣಕಾಲು, ಅದರ ಮರುದಿನ ಸೊಂಟ. ಸೊಂಟದವರೆಗೆ ನೀರಿನಲ್ಲಿ ನಿಂತು ಅವರು ಕಟ್ಟೆಯನ್ನೇ ನೋಡುತ್ತ ಅತ್ತರು. ಚಿಕ್ಕಮ್ಮ ಪಕ್ಕದಲ್ಲಿ ನಿಂತಿದ್ದಳು. ಅತ್ತು ಮುಗಿದ ಮೇಲೆ ಹೆಡ್‌ಮಿಸ್ಸು ಸರೋವರದ ನೀರಿನಲ್ಲೇ ಮುಖ ತೊಳೆದು, "ಹೂಂ, ಮುಂದೇನು?" ಎಂದರು.

ಮುಂದಿನದು ಅಂಗಾತ ತೇಲುವುದು. ದಿನಾ ಚಿಕ್ಕಮ್ಮನ ಅಂಗೈ ಅವರ ತಲೆಯಡಿ, ಇನ್ನೊಂದು ಬೆನ್ನಡಿ. ಮೈ ಮರದ ಕೊರಡಿನ ಹಾಗೆ ಬಿಗಿಯುತ್ತಿತ್ತು, ಸೊಂಟ ಮುಳುಗುತ್ತಿತ್ತು, ಕೈ ಒದ್ದಾಡುತ್ತಿತ್ತು. ಮೂರನೆಯ ವಾರದ ಗುರುವಾರ ಬಂತು, ಶುಕ್ರವಾರವೂ ಬಂತು, ಆಗಲೂ ಹಾಗೇ.

"ನಾನು ಹೇಳದೆ ಕೈ ಬಿಡಲ್ಲ ಮೇಡಂ. ಕಲಿಯೋರಿಗೆ ನಾನು ಸುಳ್ಳು ಹೇಳಿದವಳೇ ಅಲ್ಲ."

"ನಂಬಿದೀನಿ. ಈ ಮೈಗೆ ನಂಬಿಕೆ ಬರ್ತಿಲ್ಲ."

ಕಡೆಯ ದಿನ ಶನಿವಾರ. ಗಾಳಿಯಿರಲಿಲ್ಲ. ಹೆಡ್‌ಮಿಸ್ಸು ಅಂಗಾತ ಮಲಗಿದರು. ಕಿವಿ ನೀರಿನೊಳಗೆ ಹೋಯಿತು, ಕಣ್ಣು ಆಕಾಶಕ್ಕೆ ನೆಟ್ಟಿತು. ಚಿಕ್ಕಮ್ಮನಿಗೆ ಅಂಗೈ ಮೇಲಿನ ತಲೆ ನಿಧಾನವಾಗಿ ಹಗುರವಾಗುತ್ತ ಹೋದದ್ದು ತಿಳಿಯಿತು. ಬಾಯಿ ತೆರೆದರೆ ಎಲ್ಲ ಕೆಟ್ಟೀತೆಂದು ತುಟಿ ಬಿಗಿಹಿಡಿದಳು.

"ಬಿಡಿ," ಎಂದರು ಹೆಡ್‌ಮಿಸ್ಸು.

ಬಿಟ್ಟಳು. ಒಂದು, ಎರಡು, ಮೂರು. ಬಿಳಿಗೂದಲು ನೀರಿನ ಮೇಲೆ ಹರಡಿಕೊಂಡಿತು. ಏಳು, ಎಂಟು. ಎರಡು ಕಾಲ್ಬೆರಳು ಮೇಲೆ ಬಂದವು. ಹನ್ನೊಂದಕ್ಕೆ ಹೆಡ್‌ಮಿಸ್ಸಿಗೆ ತಡೆಯಲಾರದಷ್ಟು ನಗು ಬಂದು, ನಕ್ಕದ್ದೇ ಮುಳುಗಿ, ನೀರು ಕುಡಿದು, ಕೆಮ್ಮುತ್ತ ಎದ್ದು ನಿಂತು ಕಿರುಚಿದರು.

"ಇನ್ನೊಂದ್ಸಲ! ಇನ್ನೊಂದ್ಸಲ ಮಾಡೋಣ!"

ಚಿಕ್ಕಮ್ಮ ನೀರಿನಲ್ಲೇ ಕುಣಿದಳು. ಇಬ್ಬರು ಹೆಂಗಸರು ಕೈ ಕೈ ಹಿಡಿದು, ಪುಟ್ಟ ಮಕ್ಕಳ ಹಾಗೆ ನೀರು ಎರಚಾಡಿದರು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಸೂಚನಾ ಫಲಕದ ಮೇಲೆ ಹೊಸ ವೇಳಾಪಟ್ಟಿ ಅಂಟಿತ್ತು. ಗಣಿತ, ಭಾಷೆ, ವೇದಪಾಠ, ಅವುಗಳ ಕೆಳಗೆ ಕೆಂಪು ಶಾಯಿಯಲ್ಲಿ: ಈಜು, ಚಿಕ್ಕಮ್ಮ. ಅವಳು ಜನ ಚದುರಿದ ಮೇಲೆ ಬಂದು ಅದನ್ನು ನಾಲ್ಕು ಸಲ ಓದಿದಳು. ಇಪ್ಪತ್ತೆರಡು ವರ್ಷ ಬರೀ ಹೊಟ್ಟೆಪಾಡು ಎಂದುಕೊಂಡ ಕೆಲಸ! ಅದನ್ನು ಮನೆಯಲ್ಲಿ ಬಿಟ್ಟು ದೇವರ ಕೆಲಸ ಹುಡುಕಿಕೊಂಡು ಸಮುದ್ರ ದಾಟಿದರೆ, ದೇವರು ಆ ಕೆಲಸವನ್ನೇ ಮುಂದೆ ಮಾಡಿಕೊಂಡು ಇಲ್ಲಿ ಕಾದು ಕೂತಿದ್ದ.

ಆಮೇಲಿನ ದಿನಗಳಿಗೆ ರೆಕ್ಕೆ. ಮನೆಗಳಿಗೆ ಒಪ್ಪಿಗೆ ಪತ್ರ ಹೋದವು. ಅರ್ಧಕ್ಕರ್ಧ ತಂದೆತಾಯಿಗಳು ಸಹಿ ಹಾಕಿದರು, ಉಳಿದವರು ಬೇಡವೆಂದು ತಲೆಯಾಡಿಸಿದರು. ಅಡುಗೆಯವಳು ಖಾಲಿ ಎಣ್ಣೆ ಕ್ಯಾನುಗಳನ್ನೆಲ್ಲ ಮುಚ್ಚಳ ಬಿಗಿದು ಕೊಟ್ಟಳು. ಮಕ್ಕಳು ಅದನ್ನು ಅಪ್ಪಿಕೊಂಡು ಕಾಲು ಬಡಿದರು. ಗಣಿತದ ಮೇಷ್ಟ್ರು ಆಳ ಅಳೆದು, ಮರಳು ಇಳಿಜಾರಾಗುವ ಕಡೆ ಗೂಟ ನೆಟ್ಟು ಹಗ್ಗ ಕಟ್ಟಿಸಿದರು. ಹೊಲಿಗೆ ಟೀಚರು ಹನ್ನೊಂದು ಜಾಕೆಟ್ಟಿಗೂ ಹೊಸ ದಾರ ಹಾಕಿ, ಇನ್ನಷ್ಟಕ್ಕೆ ಮಿಶನ್ ಕಚೇರಿಗೆ ಬರೆಸಿದಳು. ಗಿಟಾರು ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಕಾಲು ಬಡಿಯುವ ತಾಳಕ್ಕೆ ಹಾಡು ಕಟ್ಟಿದ.

ಚಿಕ್ಕಮ್ಮನ ಮೊದಲ ಪಾಠ ಎಲ್ಲರಿಗೂ ಒಂದೇ: ಬಿದ್ದರೆ ಒದ್ದಾಡಬೇಡ, ಅಂಗಾತವಾಗು, ಆಕಾಶ ನೋಡು. ಎರಡನೆಯದು: ಬಿದ್ದವರನ್ನು ಕಂಡರೆ ಹಾರಬೇಡ, ಹಗ್ಗ ಎಸೆ. ಕಟ್ಟೆಯ ಕಂಬಕ್ಕೆ ಹಗ್ಗ ಕಟ್ಟಿದ ಒಂದು ಕ್ಯಾನು ಸದಾ ತೂಗುತ್ತಿತ್ತು. ಪುಟ್ಟ ಮಕ್ಕಳೂ ದಿನಾ ಅದನ್ನು ಎಸೆದು ಎಳೆದು ಅಭ್ಯಾಸ ಮಾಡಬೇಕು, ಹೆಡ್‌ಮಿಸ್ಸು ಕೂಡ.

ಮಕ್ಕಳು ಹಗ್ಗ ಹಿಡಿದು ದಣಿವಾರಿಸಿಕೊಳ್ಳುವಾಗ ಅವಳು ಕಥೆ ಹೇಳುತ್ತಿದ್ದಳು. ಈಗ ಕುರುಬ ಕುರುಬನಾಗಿಯೇ ಬರುತ್ತಿದ್ದ. ಒಂದು ದಿನ ಗುರುವಿನ ಮಾತು ನಂಬಿ ನೀರಿನ ಮೇಲೆ ನಡೆಯಲು ಹೋಗಿ, ಗಾಳಿ ನೋಡಿ ಹೆದರಿ ಮುಳುಗತೊಡಗಿದ ಶಿಷ್ಯನ ಕಥೆ ಹೇಳಿದಳು. ಯಾಕಮ್ಮ ಬಾಯಿಂದ ನೀರು ಉಗುಳಿ ಕೇಳಿದಳು.

"ಅವನು ಮೀನು ಹಿಡಿಯೋನಲ್ವಾ ಟೀಚರ್? ಮತ್ತೆ ಯಾಕೆ ಮುಳುಗಿದ? ಅವನಿಗೆ ಈಜು ಬರ್ತಿರ್ಲಿಲ್ವಾ?"

ಇಷ್ಟು ವರ್ಷ ಹೇಳಿದ ಕಥೆಯಲ್ಲಿ ಈ ಪ್ರಶ್ನೆ ಚಿಕ್ಕಮ್ಮನಿಗೇ ಹೊಳೆದಿರಲಿಲ್ಲ.

"ಬರ್ತಿತ್ತು ಅಂತ ಕಾಣುತ್ತೆ ಕಣೇ," ಎಂದಳು ಯೋಚಿಸಿ. "ಹೆದರಿಕೆ ಬಂದಾಗ ಬರೋ ಈಜೂ ಮರೆತುಹೋಗುತ್ತೆ. ಆಗ ಯಾರಾದರೂ ಕೈ ಹಿಡೀಬೇಕು."

ಮೂರೂವರೆ ತಿಂಗಳು ಕಳೆದಿರಬೇಕು. ಒಂದು ಸಂಜೆ ಚಿಕ್ಕಮ್ಮ ಮಹಡಿಯ ಕೋಣೆಯಲ್ಲಿ ಒದ್ದೆ ಟವೆಲ್ಲುಗಳನ್ನು ಹರವುತ್ತಿದ್ದಳು. ಆ ದಿನ ಮಕ್ಕಳನ್ನು ಎಣಿಸಲು ಹೆಡ್‌ಮಿಸ್ಸೇ ಇಳಿದಿದ್ದರು. ಈಚೆಗೆ ಅವರಿಗೆ ಅದೊಂದು ಚಟವಾಗಿತ್ತು. ಗಾಳಿ ಎದ್ದಿತ್ತು. ಲಾಂಚು ಒಮ್ಮೆಲೇ ಹಿಂದಕ್ಕೆ ಜಗ್ಗಿದ ಸದ್ದು ಕೇಳಿತು, ಹಲಗೆ ನೀರಿಗೆ ಬಿದ್ದ ಸದ್ದು ಕೇಳಿತು, ಬೆನ್ನಿಗೇ ಕಿರುಚಾಟ.

ಚಿಕ್ಕಮ್ಮ ಕಿಟಕಿಗೆ ಬಂದಳು. ಕಟ್ಟೆಗೂ ಲಾಂಚಿಗೂ ನಡುವೆ, ಆಳದ ನೀರಿನಲ್ಲಿ ಎರಡು ತಲೆ. ಒಂದು ಯಾಕಮ್ಮನದು. ಇನ್ನೊಂದು ಎರಡನೆಯ ತರಗತಿಯ ಪುಟ್ಟಿ. ಅವಳ ಅಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರಲಿಲ್ಲ.

ಚಿಕ್ಕಮ್ಮ ಓಡಿದಳು. ಮಹಡಿಯ ಮೆಟ್ಟಿಲು, ಅಂಗಳ, ಮೊಗಸಾಲೆ. ಓಡುತ್ತಲೇ ಕೇಳಿಸಿದ್ದು ಯಾಕಮ್ಮನ ಗಂಟಲು, ಗಾಳಿಯನ್ನೂ ಮೀರಿ: "ಒದ್ದಾಡಬೇಡ! ನನ್ನ ಹಿಡೀಬೇಡ ಕಣೇ, ಮೇಲೆ ನೋಡು! ಮೇಲೆ ನೋಡು!" ಆಮೇಲೆ ಹೆಡ್‌ಮಿಸ್ಸಿನ ದನಿ, ತರಗತಿಯಲ್ಲಿ ಹಾಜರಿ ಕರೆಯುವಷ್ಟೇ ಖಡಕ್ಕಾಗಿ: "ಯಾರೂ ಹಾರಬೇಡಿ! ಕ್ಯಾಪ್ಟನ್, ಎಂಜಿನ್ ಆಫ್ ಮಾಡಿ! ಉಳಿದೋರು ಕೂತ್ಕೊಳ್ಳಿ!"

ಕಬ್ಬಿಣದ ಬಾಗಿಲು, ಹದಿನಾಲ್ಕು ಮೆಟ್ಟಿಲು. ಚಿಕ್ಕಮ್ಮ ಕಟ್ಟೆ ತಲುಪಿದಾಗ ಎಲ್ಲ ಮುಗಿದಿತ್ತು. ಹೆಡ್‌ಮಿಸ್ಸು ಎಸೆದ ಕ್ಯಾನು ಎರಡನೆಯ ಎಸೆತಕ್ಕೆ ಯಾಕಮ್ಮನ ಕೈಗೆ ಸಿಕ್ಕಿತ್ತು. ಅವಳು ಅಂಗಾತ ತೇಲುತ್ತ, ಪುಟ್ಟಿಯ ಗಲ್ಲ ಮೇಲೆತ್ತಿ ಹಿಡಿದಿದ್ದಳು. ಕಟ್ಟೆಯ ಮೇಲಿದ್ದ ಎಂಟು ಹುಡುಗಿಯರು ಸಾಲಾಗಿ ಹಗ್ಗ ಹಿಡಿದು, ಗಿಟಾರು ಮೇಷ್ಟ್ರ ತಾಳದ ಲೆಕ್ಕದಲ್ಲೇ ಎಳೆದು ಇಬ್ಬರನ್ನೂ ಮೇಲೆ ತಂದಿದ್ದರು. ಪುಟ್ಟಿ ಕೆಮ್ಮಿ, ನೀರು ಕಾರಿ, ಬಾಯಿ ಬಿಟ್ಟು ಅಳತೊಡಗಿದ್ದಳು. ಅಂಥ ಸುಖದ ಅಳುವನ್ನು ಚಿಕ್ಕಮ್ಮ ಜನ್ಮದಲ್ಲಿ ಕೇಳಿರಲಿಲ್ಲ.

ಮೂವತ್ತು ಜನ ನಿಂತಿದ್ದರು ಕಟ್ಟೆಯ ಮೇಲೆ, ಹೆಚ್ಚೂಕಡಿಮೆ ಅಂದಿನಷ್ಟೇ.

ಹೆಡ್‌ಮಿಸ್ಸು ಕೈಯಲ್ಲಿ ಇನ್ನೂ ಹಗ್ಗ ಹಿಡಿದೇ ಇದ್ದರು. ಅಂಗೈ ಉಜ್ಜಿ ಕೆಂಪಾಗಿತ್ತು. ಚಿಕ್ಕಮ್ಮನನ್ನು ಕಂಡು, "ಮೂರು ಮಾರು," ಎಂದರು. "ಚಿಕ್ಕಮ್ಮಾ, ಮೂರೇ ಮಾರು!" ಅಷ್ಟು ಹೇಳಿ ಅವಳ ಹೆಗಲ ಮೇಲೆ ತಲೆಯಿಟ್ಟರು. ಚಿಕ್ಕಮ್ಮ ಏನೂ ಮಾಡಿರಲಿಲ್ಲ, ಓಡಿಬಂದದ್ದಷ್ಟೇ. ತಾನಿಲ್ಲದೆಯೇ ಎಲ್ಲವೂ ಆಗಿಹೋಗಿದ್ದಕ್ಕೆ ಅವಳ ಎದೆ ಹಿಗ್ಗಿ ಒಡೆಯುವ ಹಾಗಿತ್ತು.

ಕ್ಯಾಪ್ಟನ್ ಲಾಂಚಿನಿಂದ ಇಳಿದು ಬಂದು ಅವಳೆದುರು ನಿಂತ.

"ಅಮ್ಮಾ, ನಾಳೆ ಎಷ್ಟೊತ್ತಿಗೆ ಬರಲಿ ಈಜಿಗೆ?"

"ಆರೂವರೆಗೆ ಬನ್ನಿ. ಮೊದಲು ಬಕೆಟ್ಟಿಂದ ಶುರು."

ಅವನು ಮರುದಿನ ಆರಕ್ಕೇ ಬಂದ. ಒಬ್ಬನೇ ಬರಲಿಲ್ಲ. ಶನಿವಾರ, ಶಾಲೆಗೆ ರಜೆ. ಆದರೂ ಲಾಂಚು ತುಂಬಿತ್ತು. ಚಿಕ್ಕಮ್ಮ ನೀರಿನಲ್ಲಿ ಗೂಟದ ಹಗ್ಗ ಬಿಗಿಯುತ್ತಿದ್ದವಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ತುಂಬ ಹೆಂಗಸರು. ಅಮ್ಮಂದಿರು, ಅಜ್ಜಿಯರು, ಕಂಕುಳಲ್ಲಿ ಬಟ್ಟೆಯ ಗಂಟು. ಮುಂದೆ ಪುಟ್ಟಿಯ ಅಮ್ಮ, ಸಹಿ ಹಾಕಿದ ಪತ್ರವನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದಳು. ಅವಳ ಹಿಂದೆ ಒಬ್ಬ ಮುದುಕಿ ಹೊಸ ಹಲಗೆಯ ಮೇಲೆ ನಿಂತು ಕೂಗಿದಳು.

"ಏನಮ್ಮಾ, ನನ್ನ ವಯಸ್ಸಿನೋರೂ ತೇಲ್ತಾರಾ?"

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಹೆಡ್‌ಮಿಸ್ಸು ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು, ಮೂಗು ಹಿಡಿದುಕೊಂಡು, ಹಗ್ಗದ ಒಳಗಿನ ಸೊಂಟದುದ್ದದ ನೀರಿಗೆ ದುಡುಂ ಎಂದು ಇಳಿದು, ಅಂಗಾತ ಮಲಗಿ ತೋರಿಸಿದರು. ಹೆಂಗಸರ ಗುಂಪಿನಿಂದ ಕೇಕೆ ಎದ್ದಿತು.

"ಬನ್ನಿ, ಬನ್ನಿ!" ಎಂದು ಚಿಕ್ಕಮ್ಮ ಎರಡೂ ಕೈ ಚಾಚಿದಳು. "ಇಬ್ಬಿಬ್ಬರಾಗಿ ಬನ್ನಿ! ನೂಕಬೇಡಿ, ನೀರು ಎಲ್ಲೂ ಹೋಗಲ್ಲ!"